ಬಂದೂಕಿನ ಲೆಕ್ಕದ ಪುಸ್ತಕ ಯಾರಿಗೆ ಬೇಕು?

ಪುಸ್ತಕದ ಬೆಲೆ ಏನೆಂದು ಸಂಘದ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಜರಿ ಪುಸ್ತಕ, ನಡಾವಳಿ ಪುಸ್ತಕ, ಉಳಿತಾಯದ ಲೆಕ್ಕ, ಸಾಲದ ಲೆಕ್ಕ. ಸಹಿ ಮಾಡಲು ಬಾರದ ತಾಯಿ ಕೂಡ ಹೆಬ್ಬೆಟ್ಟು ಒತ್ತುವ ಮೊದಲು "ನನ್ನ ಹೆಸರಿನ ಮುಂದ ಎಷ್ಟು ಬರದೀರಿ, ಓದಿ ಹೇಳ್ರಿ" ಎಂದು ಕೇಳುತ್ತಾಳೆ. ಯಾರಾದರೂ ಬಂದು "ಈ ಲೆಕ್ಕ ಬರೆಯೋದೆಲ್ಲ ದಂಡ, ಹರಿದು ಒಲೆಗೆ ಹಾಕಿರಿ" ಎಂದರೆ ನೀವು ಮೊದಲು ನೋಡುವುದು ಅವರ ಹೆಸರಿನ ಮುಂದೆ ಎಷ್ಟು ಸಾಲ ಇದೆ ಎಂಬುದನ್ನು.

ಇವತ್ತು ನಾನು ಬರೆಯುತ್ತಿರುವುದು ಇನ್ನೊಂದು ಪುಸ್ತಕದ ಬಗ್ಗೆ. ಅದು ನಮ್ಮ ಸಂಘದಲ್ಲಿಲ್ಲ. ಪೊಲೀಸ್ ಠಾಣೆಯಲ್ಲೂ ಜಿಲ್ಲಾಧಿಕಾರಿಗಳ ಕಚೇರಿಯಲ್ಲೂ ಇದೆ. ಯಾರ ಮನೆಯಲ್ಲಿ ಯಾವ ಬಂದೂಕು ಇದೆ ಎಂಬ ಲೆಕ್ಕ ಅದರಲ್ಲಿದೆ.

ಈಚೆಗೆ ಕುಷ್ಟಗಿ ಕಡೆಯ ಒಂದು ಮದುವೆಗೆ ಹೋಗಿದ್ದೆ. ಊಟವಾದ ಮೇಲೆ ಗಂಡಸರು ಪೆಂಡಾಲಿನ ನೆರಳಿನಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತ ಕಾಡುಹಂದಿಗಳ ಕಾಟದ ಮಾತು ತೆಗೆದರು. ಶೇಂಗಾ ಹೊಲ ಒಂದು ರಾತ್ರಿಯಲ್ಲಿ ಹಾಳಾಗುವ ಸಂಕಟ ಸುಳ್ಳಲ್ಲ. ಮಾತು ಅಲ್ಲಿಂದ ಬಂದೂಕಿನ ಲೈಸೆನ್ಸಿಗೆ ಹೊರಳಿತು. "ಹೊಲ ಕಾಯೋ ರೈತಗ ಡಿ.ಸಿ. ಆಫೀಸು, ಪೊಲೀಸ್ ಠಾಣೆ ಅಂತ ಅಲದಾಡಸ್ತಾರ. ಕಳ್ಳರ ಬಂದೂಕು ಯಾವ ಪುಸ್ತಕದಾಗೂ ಇರಂಗಿಲ್ಲ. ಕೆನಡಾ ದೇಶದಾಗ ಬಂದೂಕಿನ ದಫ್ತರನ ತಗದು ಒಗದಾರಂತ. ನಮ್ಮಲ್ಲೂ ಹಂಗ ಮಾಡಬೇಕು" ಎಂದರು ನಮ್ಮ ಸಂಬಂಧಿಕರೊಬ್ಬರು. ಸುತ್ತ ಕುಳಿತವರು ತಲೆದೂಗಿದರು. ಹೆಂಗಸರಲ್ಲಿ ಯಾರೂ ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ಸುಮ್ಮನಿದ್ದದ್ದು ತಪ್ಪು ಅನಿಸಿತು. ಯಾಕೆಂದರೆ ಆ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಣ್ಣ ಮುಂದೆ ಬಂದಿದ್ದಳು.

"ಹೊಡದಿಲ್ರಿ, ಬರೇ ಒರಸ್ತಾರ್ರಿ"

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸಿದವಳು. ಈ ಹುಡುಗಿ ತೊಂಬತ್ತರ ದಶಕದಲ್ಲಿ ನನ್ನ ತರಗತಿಯಲ್ಲಿದ್ದಳು. ಬಿ.ಎ. ಎರಡನೇ ವರ್ಷಕ್ಕೆ ಓದು ಬಿಡಿಸಿ ಗಂಗಾವತಿ ಕಡೆಯ ಕಾಲುವೆ ಊರೊಂದಕ್ಕೆ ಮದುವೆ ಮಾಡಿ ಕೊಟ್ಟರು. ಭತ್ತದ ಗದ್ದೆ ಇದ್ದ ಮನೆ, ಒಳ್ಳೆಯ ಮನೆತನ ಎಂದು ಎಲ್ಲರೂ ಹೇಳಿದರು. ಮಾತಾಡಿದ ವರದಕ್ಷಿಣೆಯಲ್ಲಿ ಐವತ್ತು ಸಾವಿರ ಬಾಕಿ ಉಳಿದಿತ್ತು.

ಪಂಚಮಿಗೆ ತವರಿಗೆ ಬಂದವಳು ನನ್ನ ಮನೆಗೆ ಬಂದಳು. ಇಳಿದು ಹೋಗಿದ್ದಳು. ಹೊಡೆಯುತ್ತಾನೇನು ಎಂದು ಕೇಳಿದೆ.

"ಇಲ್ರಿ ಮೇಡಂ. ಹೊಡದಿಲ್ರಿ. ಬರೇ ಬಂದೂಕು ಒರಸ್ತಾರ್ರಿ."

ಮೊದಲು ನನಗೆ ತಿಳಿಯಲಿಲ್ಲ. ಆಮೇಲೆ ಅವಳೇ ಬಿಡಿಸಿ ಹೇಳಿದಳು. ಅವರ ಮನೆಯ ಪಡಸಾಲೆಯಲ್ಲಿ ಗೂಟಕ್ಕೆ ತೂಗುಹಾಕಿದ ಬಂದೂಕು ಇತ್ತು. ರಾತ್ರಿ ಊಟವಾದ ಮೇಲೆ ಗಂಡ ಅದನ್ನು ಇಳಿಸಿ ಹೊರಸಿನ ಮೇಲಿಟ್ಟುಕೊಂಡು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ. ಒರೆಸುತ್ತ "ನಿಮ್ಮಣ್ಣ ಏನಂದ?" ಎಂದು ಕೇಳುತ್ತಿದ್ದ. ಅಷ್ಟೇ. ಮತ್ತೆ ಗೂಟಕ್ಕೆ ಹಾಕಿ ಮಲಗುತ್ತಿದ್ದ. ಇವಳು ಬೆಳಗಿನವರೆಗೂ ಆ ಗೂಟ ನೋಡುತ್ತ ಮಲಗುತ್ತಿದ್ದಳು.

ಅವಳ ಅಣ್ಣನನ್ನೂ ಕರೆದುಕೊಂಡು ನಾನು ಠಾಣೆಗೆ ಹೋದೆ. ಅಲ್ಲಿದ್ದವರು ಕುರ್ಚಿ ಹಾಕಿ ಕೂಡಿಸಿದರು, ಚಹಾ ತರಿಸಿದರು. ಆಮೇಲೆ ಕೇಳಿದರು: "ಗಾಯ ಎಲ್ಲಿದೆ? ಬಂದೂಕಿಗೆ ಲೈಸೆನ್ಸ್ ಇದೆ. ತಮ್ಮ ಬಂದೂಕು ತಾವು ಒರೆಸಿಕೊಂಡರೆ ಯಾವ ಕೇಸು ಹಾಕೋಣ?" ನನ್ನ ಎಂ.ಎ. ಪದವಿಗೆ ಆ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ.

ಅಷ್ಟರಲ್ಲಿ 1999ರ ಚುನಾವಣೆ ಬಂತು. ಲೋಕಸಭೆ, ವಿಧಾನಸಭೆ ಎರಡೂ ಕೂಡಿ ಬಂದಿದ್ದವು. ಚುನಾವಣೆಯ ಕಾಲಕ್ಕೆ ಲೈಸೆನ್ಸ್ ಇದ್ದವರ ಬಂದೂಕುಗಳನ್ನು ಠಾಣೆಯಲ್ಲಿ ಇರಿಸಿಕೊಳ್ಳುವ ಪದ್ಧತಿ ನಿಮಗೆ ಗೊತ್ತೇ ಇದೆ. ಠಾಣೆಯಿಂದ ಹೇಳಿಕೆ ಹೋಯಿತು, ಗಂಡ ಬಂದೂಕು ಒಯ್ದು ಕೊಟ್ಟು ರಸೀತಿ ತಂದ. ದೀಪಾವಳಿಯ ಹೊತ್ತಿಗೆ ಸಿಕ್ಕಾಗ ಅವಳು ಹೇಳಿದ ಮಾತು ನಾನು ಸಾಯುವವರೆಗೂ ಮರೆಯುವುದಿಲ್ಲ. "ಆ ದಿನಗಳಾಗ ಕಣ್ತುಂಬ ನಿದ್ದಿ ಮಾಡಿದ್ನಿರಿ ಮೇಡಂ. ಎಲೆಕ್ಷನ್ ದಿನಾಲೂ ಇರಬೇಕಿತ್ತು."

ಚುನಾವಣೆ ಮುಗಿದ ಮೇಲೆ ಗಂಡ ರಸೀತಿ ತೋರಿಸಿ ಬಂದೂಕು ತಂದು ಅದೇ ಗೂಟಕ್ಕೆ ಹಾಕಿದ. ಮುಂದಿನ ವರ್ಷ ಅವಳು ಕೂಸನ್ನು ಎತ್ತಿಕೊಂಡು ತವರಿಗೆ ಬಂದವಳು ತಿರುಗಿ ಹೋಗಲಿಲ್ಲ. ಹೊಲಿಗೆ ಯಂತ್ರ ಇಟ್ಟುಕೊಂಡು ಮಗನನ್ನು ಓದಿಸಿದಳು. ಮದುವೆಯಲ್ಲಿ ಕೊಟ್ಟ ಬಂಗಾರ ತಿರುಗಿ ಬರಲಿಲ್ಲ, ಯಾಕೆಂದರೆ ಏನು ಕೊಟ್ಟಿದ್ದರೆಂದು ಯಾರೂ ಪಟ್ಟಿ ಬರೆದಿರಲಿಲ್ಲ. ವಧೂವರರಿಗೆ ಕೊಟ್ಟ ಉಡುಗೊರೆಗಳ ಪಟ್ಟಿ ಮಾಡಿ ಸಹಿ ಹಾಕಿ ಇಡಬೇಕೆಂದು 1985ರ ನಿಯಮಗಳೇ ಹೇಳುತ್ತವೆ. ಬರೆಯದೆ ಬಿಟ್ಟ ಪಟ್ಟಿಗೆ ಬೆಲೆ ತೆರುವವಳು ಹೆಣ್ಣೇ.

ಗೆಳತಿಯರೇ, ಇದನ್ನು ವಿಚಾರ ಮಾಡಿ ನೋಡಿರಿ. ಅದೇ ಠಾಣೆ, ಅದೇ ಬಂದೂಕು, ಅದೇ ಪುಸ್ತಕ. ಮತಪೆಟ್ಟಿಗೆಗೆ ಭಯವಿದೆ ಎಂದಾಗ ಪುಸ್ತಕ ತೆರೆಯಿತು. ಹೆಂಡತಿಗೆ ಭಯವಿದೆ ಎಂದಾಗ ತೆರೆಯಲಿಲ್ಲ. ಹಾಗೆಂದು ಪುಸ್ತಕವೇ ಬೇಡ ಎನ್ನುತ್ತೀರಾ? ಪುಸ್ತಕ ಇದ್ದುದರಿಂದಲೇ ಅವಳು ಆ ಕೆಲವು ವಾರಗಳಾದರೂ ಮಲಗಿದಳು. ಪುಸ್ತಕ ಇಲ್ಲದಿದ್ದರೆ ಯಾರ ಮನೆಗೆ ಹೇಳಿಕೆ ಕಳಿಸುತ್ತಿದ್ದರು?

ಈ ಪುಸ್ತಕ ಎಲ್ಲಿಂದ ಬಂತು?

ಲೆಕ್ಕವೆಂದರೆ ನಮ್ಮ ಕಡೆಯ ಜನಕ್ಕೆ ಸಿಟ್ಟು ಬರುವುದಕ್ಕೆ ಕಾರಣವಿದೆ. 1857ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ದಂಗೆ ಎದ್ದ ಕೂಡಲೇ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದಿತು. ಆಯುಧಗಳನ್ನು ಒಪ್ಪಿಸಬೇಕು, ಇಟ್ಟುಕೊಳ್ಳಬೇಕಾದರೆ ಸರ್ಕಾರದ ಅಪ್ಪಣೆ ಬೇಕು ಎಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೆ ಸೈನ್ಯ ಬಂತು, ಬೆಂಕಿ ಬಿತ್ತು, ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಿದರು. ಅವರ ಲಾವಣಿಯನ್ನು ನಾವೆಲ್ಲ ಪಾಠದಲ್ಲಿ ಓದಿದವರು. ಮರುವರ್ಷ, 1858ರಲ್ಲಿ, ನಮ್ಮ ಕೊಪ್ಪಳದ ಕೋಟೆಯಲ್ಲೇ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡರು ಇಂಗ್ಲಿಷರ ವಿರುದ್ಧ ಹೋರಾಡಿ ಮಡಿದರು. 1878ರ ಶಸ್ತ್ರಾಸ್ತ್ರ ಕಾಯಿದೆಯೂ ಪರದೇಶಿ ಸರ್ಕಾರ ತನ್ನ ಜೀವ ಉಳಿಸಿಕೊಳ್ಳಲು ಮಾಡಿದ ಕಾಯಿದೆಯೇ ಆಗಿತ್ತು. ಆಗ ಅದನ್ನು ವಿರೋಧಿಸಿದವರು ವೀರರು. ಇತಿಹಾಸ ಕಲಿಸಿದ ನಾನು ಇದನ್ನು ಮುಚ್ಚಿಡುವುದಿಲ್ಲ.

ಆದರೆ ಈಗ ಇರುವುದು ನಮ್ಮ ಸಂಸತ್ತು ಮಾಡಿದ 1959ರ ಶಸ್ತ್ರಾಸ್ತ್ರ ಕಾಯಿದೆ. ಇದು 1962ರಲ್ಲಿ ಜಾರಿಗೆ ಬಂತು. ಬಂದೂಕು ಬೇಕೆಂದವರು ಅರ್ಜಿ ಕೊಡಬೇಕು, ಹತ್ತಿರದ ಠಾಣೆಯಿಂದ ವರದಿ ತರಿಸಬೇಕು, ನಮ್ಮಂಥ ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿ ಪರವಾನಗಿ ಕೊಡಬೇಕು. ಬೆಳೆ ಕಾಯುವ ರೈತನಿಗೂ ಈ ಕಾಯಿದೆಯಲ್ಲಿ ಜಾಗವಿದೆ. ಪರವಾನಗಿಯಲ್ಲಿ ಬಂದೂಕಿನ ವಿವರ, ನಂಬರು ಬರೆದಿರುತ್ತದೆ. ಈಗ ದೇಶಕ್ಕೆಲ್ಲ ಒಂದೇ ಕಂಪ್ಯೂಟರ್ ದಫ್ತರವಿದ್ದು ಪರವಾನಗಿ ಪಡೆದವರಿಗೆಲ್ಲ ಪ್ರತ್ಯೇಕ ಗುರುತು ಸಂಖ್ಯೆ ಇದೆ. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಎರಡಕ್ಕಿಂತ ಹೆಚ್ಚು ಇಲ್ಲ ಎಂದು ಕಾನೂನು ಹೇಳಬೇಕಾದರೆ ಎಣಿಸಿ ಬರೆದಿಡುವ ಪುಸ್ತಕ ಬೇಕಲ್ಲವೇ?

ಕೊಡಗಿನ ಉದಾಹರಣೆ ಕೊಡುವವರಿದ್ದಾರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ನಮ್ಮ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಅಲ್ಲಿಯೂ ವಿನಾಯಿತಿಯ ಪ್ರಮಾಣಪತ್ರ ಪಡೆಯಬೇಕು. ಪರವಾನಗಿ ಬೇಡ ಎಂದರೇ ಹೊರತು ಲೆಕ್ಕ ಬೇಡ ಎಂದು ಹೇಳಲಿಲ್ಲ.

ಕೆನಡಾದಲ್ಲಿ ಆದದ್ದು ಏನು?

ಮದುವೆ ಪೆಂಡಾಲಿನಲ್ಲಿ ನಮ್ಮ ಸಂಬಂಧಿಕರು ಹೇಳಿದ ಕೆನಡಾದ ಸುದ್ದಿ ಅರ್ಧ ನಿಜ. ಇನ್ನರ್ಧವನ್ನು ನಾವು ತಿಳಿಯಬೇಕು, ಯಾಕೆಂದರೆ ಅದು ಹೆಂಗಸರಿಗೆ ಸೇರಿದ ಅರ್ಧ.

1989ರ ಡಿಸೆಂಬರ್ 6ರಂದು ಕೆನಡಾದ ಮಾಂಟ್ರಿಯಲ್ ನಗರದ ಇಂಜಿನಿಯರಿಂಗ್ ಕಾಲೇಜೊಂದಕ್ಕೆ ಒಬ್ಬ ಗಂಡಸು ರೈಫಲ್ ಹಿಡಿದು ನುಗ್ಗಿದ. ಒಂದು ತರಗತಿಯಲ್ಲಿ ಹುಡುಗರನ್ನು ಹೊರಗೆ ಕಳಿಸಿ ಹುಡುಗಿಯರಿಗೆ ಗುಂಡು ಹಾಕಿದ. ಆ ದಿನ ಅವನು ಕೊಂದದ್ದು 14 ಹೆಣ್ಣುಮಕ್ಕಳನ್ನು. ಅವರಲ್ಲಿ ಹೆಚ್ಚಿನವರು ಇಂಜಿನಿಯರಿಂಗ್ ಓದಲು ಬಂದದ್ದೇ ತಪ್ಪಾಯಿತು. ಅವನ ಕೈಯಲ್ಲಿದ್ದ ರೈಫಲ್ ಅಂಗಡಿಯಲ್ಲಿ ಕಾನೂನು ಪ್ರಕಾರ ಕೊಂಡದ್ದು. ಸತ್ತವರ ಮನೆಯವರು, ಬದುಕಿ ಉಳಿದ ವಿದ್ಯಾರ್ಥಿಗಳು, ಮಹಿಳಾ ಸಂಘಟನೆಗಳು ಆರು ವರ್ಷ ಹೋರಾಡಿದ ಮೇಲೆ 1995ರಲ್ಲಿ ಹೊಸ ಕಾಯಿದೆ ಬಂತು. ಕೈಪಿಸ್ತೂಲುಗಳ ಲೆಕ್ಕ ಅಲ್ಲಿ 1934ರಿಂದಲೂ ಇತ್ತು. ಈಗ ರೈಫಲ್, ಶಾಟ್‌ಗನ್‌ಗಳಂಥ ಉದ್ದ ಬಂದೂಕುಗಳನ್ನೂ ಒಂದೊಂದಾಗಿ ದಾಖಲಿಸಬೇಕಾಯಿತು. ಮನೆಯ ಗೋಡೆಗೆ ತೂಗುವವು ಇವೇ ತಾನೇ?

ಈ ದಫ್ತರದ ವಿರುದ್ಧ ಬೇಟೆಗಾರರೂ ರೈತರೂ ಕೂಗೆಬ್ಬಿಸಿದರು. ಅವರ ಮಾತಿನಲ್ಲಿ ಹುರುಳಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಖರ್ಚು ಮಿತಿ ಮೀರಿತ್ತು. ಶುಲ್ಕದ ಆದಾಯ ಕಳೆದರೆ 20 ಲಕ್ಷ ಡಾಲರ್ ಮಾತ್ರ ಹೊರೆ ಎಂದು ಮೊದಲು ಹೇಳಿದ್ದ ಸರ್ಕಾರದ ಬಂದೂಕು ಯೋಜನೆಯ ವೆಚ್ಚ ನೂರು ಕೋಟಿ ಡಾಲರ್ ದಾಟಲಿದೆ ಎಂದು ಅಲ್ಲಿನ ಲೆಕ್ಕ ತಪಾಸಣಾಧಿಕಾರಿ 2002ರಲ್ಲಿ ವರದಿ ಕೊಟ್ಟರು. ಕೊಲೆಗಳು ಕಡಿಮೆಯಾದದ್ದು ದಫ್ತರದಿಂದಲೇ ಹೌದೋ ಅಲ್ಲವೋ ಎಂದು ವಿದ್ವಾಂಸರು ಇಂದಿಗೂ ವಾದ ಮಾಡುತ್ತಾರೆ, ಯಾಕೆಂದರೆ ಬಂದೂಕಿನ ಕೊಲೆಗಳು ಅದಕ್ಕಿಂತ ಮೊದಲೇ ಇಳಿಯತೊಡಗಿದ್ದವು.

2012ರ ಏಪ್ರಿಲ್‌ನಲ್ಲಿ ಉದ್ದ ಬಂದೂಕುಗಳ ದಫ್ತರವನ್ನು ರದ್ದು ಮಾಡುವ ಕಾಯಿದೆ ಜಾರಿಗೆ ಬಂತು. ಮುಂದೆ ಬರೆಯುವುದು ಬೇಡ ಎಂದಷ್ಟೇ ಹೇಳಲಿಲ್ಲ, ಅದುವರೆಗೆ ಬರೆದದ್ದನ್ನೂ ಅಳಿಸಿದರು. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯ "ನಮ್ಮ ಪ್ರಾಂತ್ಯದ ಲೆಕ್ಕವನ್ನಾದರೂ ನಮಗೆ ಕೊಡಿ" ಎಂದು ನ್ಯಾಯಾಲಯಕ್ಕೆ ಹೋಯಿತು. 2015ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಕೊಡಬೇಕಾಗಿಲ್ಲ ಎಂದರು, ನಾಲ್ವರು ಕೊಡಬೇಕು ಎಂದರು. ಕ್ವಿಬೆಕ್ ಸೋತಿತು. ಸೋತರೂ ತನ್ನದೇ ಕಾಯಿದೆ ಮಾಡಿ 2018ರಿಂದ ಮೊದಲ ಪುಟದಿಂದ ಹೊಸ ದಫ್ತರ ಬರೆಯಲು ತೊಡಗಿತು.

ದಫ್ತರ ಹೋದದ್ದರಿಂದ ಏನು ಹೋಯಿತು? ಜಗಳದ ಕರೆ ಬಂದ ಮನೆಗೆ ಹೊರಟ ಪೊಲೀಸರಿಗೆ ಅಲ್ಲಿನ ಗಂಡಸಿಗೆ ಲೈಸೆನ್ಸ್ ಇದೆಯೇ ಎಂದು ಗೊತ್ತಾಗುತ್ತದೆ. ಮನೆಯಲ್ಲಿ ಒಂದು ಬಂದೂಕು ಇದೆಯೋ ಒಂಬತ್ತು ಇವೆಯೋ ಗೊತ್ತಾಗುವುದಿಲ್ಲ. "ಇವನ ಆಯುಧಗಳನ್ನೆಲ್ಲ ತೆಗೆದುಕೊಳ್ಳಿ" ಎಂದು ನ್ಯಾಯಾಧೀಶರು ಆದೇಶ ಮಾಡಿದರೆ ಅವನು ಎರಡು ತಂದುಕೊಟ್ಟು "ಇಷ್ಟೇ" ಎನ್ನಬಹುದು. ಅಲ್ಲ ಎಂದು ಹೇಳಲು ಪುಸ್ತಕವಿಲ್ಲ. ಆಗ ಆ ಸಾಕ್ಷಿ ಹೇಳುವ ಹೊಣೆ ಯಾರ ತಲೆಗೆ ಬೀಳುತ್ತದೆ? ಅವನ ಹೆಂಡತಿಯ ತಲೆಗೆ. ಸರ್ಕಾರದ ಪುಸ್ತಕ ಹೇಳುತ್ತಿದ್ದ ಮಾತನ್ನು ಹೆದರಿದ ಹೆಣ್ಣು ಹೇಳಬೇಕು. ಹೇಳಿದವಳು ಇವಳೇ ಎಂದು ಅವನಿಗೆ ತಿಳಿಯುತ್ತದೆ. ದಫ್ತರ ರದ್ದಾದರೆ ಹೊರೆ ಇಳಿಯಿತು ಎನ್ನುವವರು ಅದನ್ನು ಯಾರ ಹೆಗಲಿಗೆ ದಾಟಿಸಿದರೆಂದು ಹೇಳುವುದಿಲ್ಲ.

ಆ ದೇಶ ಸ್ವಲ್ಪ ಹಿಂದಕ್ಕೆ ಹೆಜ್ಜೆ ಇಟ್ಟಿದೆ ಎಂಬುದನ್ನೂ ನಮ್ಮ ಸಂಬಂಧಿಕರಿಗೆ ಯಾರೂ ಹೇಳಿರಲಿಲ್ಲ. ಬಂದೂಕು ಮಾರುವ ಅಂಗಡಿಯವರು ಯಾರಿಗೆ ಏನು ಮಾರಿದೆವೆಂದು ಬರೆದಿಡಬೇಕೆಂಬ ನಿಯಮ 2022ರಲ್ಲಿ ಮತ್ತೆ ಬಂದಿದೆ. ಹೆಂಡತಿಯ ಮೇಲೆ ದೌರ್ಜನ್ಯ ಮಾಡಿದವನಿಂದ, ರಕ್ಷಣಾ ಆದೇಶಕ್ಕೆ ಒಳಗಾದವನಿಂದ ಲೈಸೆನ್ಸ್ ಕಿತ್ತುಕೊಳ್ಳುವ ಕಾಯಿದೆ 2023ರಲ್ಲಿ ಆಯಿತು. ಇನ್ನೊಂದು ನಿಯಮವಂತೂ ನನಗೆ ಬಹಳ ಹಿಡಿಸಿತು. ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕುವವನು ತನ್ನ ಹೆಂಡತಿಯ ಸಹಿಯನ್ನೂ ಅರ್ಜಿಯ ಮೇಲೆ ಹಾಕಿಸಬೇಕು. ಎರಡು ವರ್ಷದೊಳಗೆ ಬಿಟ್ಟುಹೋದ ಸಂಗಾತಿ ಇದ್ದರೆ ಅವಳ ಹೆಸರನ್ನೂ ಬರೆಯಬೇಕು. ಸಹಿ ಇಲ್ಲದಿದ್ದರೆ ಅಧಿಕಾರಿಗಳೇ ಅವಳಿಗೆ ತಿಳಿಸುತ್ತಾರೆ.

ಕಳ್ಳ ಬಂದೂಕಿನ ಮಾತು

"ಕೊಲೆಗಾರರ ಬಂದೂಕು ಪುಸ್ತಕದಲ್ಲಿ ಇರುವುದಿಲ್ಲ, ಹಾಗಾದರೆ ಪುಸ್ತಕ ಯಾಕೆ?" ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. 2015ರ ಆಗಸ್ಟ್ 30ರಂದು ಡಾ. ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆ ಬಾಗಿಲಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಬೆಂಗಳೂರಿನ ಅವರ ಮನೆಯ ಮುಂದೆ ಕೊಂದರು. ಎರಡಕ್ಕೂ ಬಳಸಿದ್ದು ಒಂದೇ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ತೋರಿಸಿತು. ಯಾವ ಲೈಸೆನ್ಸ್ ಪುಸ್ತಕದಲ್ಲೂ ಇರುವ ಆಯುಧವಲ್ಲ ಅದು.

ಹೌದು, ಪುಸ್ತಕ ಆ ಕೊಲೆಗಳನ್ನು ತಡೆಯಲಿಲ್ಲ. ಆದರೆ ಎರಡು ಮಾತು ಗಮನಿಸಿರಿ. ಪುಸ್ತಕ ಇರುವುದರಿಂದಲೇ ಪುಸ್ತಕದಲ್ಲಿ ಇಲ್ಲದ ಬಂದೂಕು ಕಳ್ಳ ಬಂದೂಕು ಆಗುತ್ತದೆ. ಅದನ್ನು ಇಟ್ಟುಕೊಂಡದ್ದಕ್ಕೇ ಇವತ್ತಿನ ಕಾಯಿದೆಯಲ್ಲಿ ಕನಿಷ್ಠ ಎರಡು ವರ್ಷ ಸಜೆ ಇದೆ, ಗುಂಡು ಹಾರಿಸಬೇಕಾಗಿಲ್ಲ. ಸಾಲದ ಪುಸ್ತಕವೇ ಇಲ್ಲದ ಸಂಘದಲ್ಲಿ ಯಾರನ್ನು ಬಾಕಿದಾರರು ಎನ್ನುವಿರಿ? ಅಟ್ಟದ ಮೇಲೆ ನಾಡಬಂದೂಕು ಬಚ್ಚಿಟ್ಟ ಗಂಡನ ಹೆಂಡತಿ ಠಾಣೆಗೆ ಬಂದು ಹೇಳಿದರೆ ಪೊಲೀಸರು ಪುಸ್ತಕ ತೆರೆದು ನೋಡಿ ಎದ್ದು ಹೊರಡಬಹುದು. ಪುಸ್ತಕವನ್ನು ಕಿತ್ತು ಹಾಕಿದರೆ ಅವಳ ಮಾತಿಗೆ ಆಧಾರವೇ ಇಲ್ಲ.

ಎರಡನೆಯದು, ಬೀದಿಯಲ್ಲಿ ಮುಖ ಮುಚ್ಚಿಕೊಂಡು ಬರುವ ಕೊಲೆಗಾರ ಬೇರೆ, ನಮ್ಮ ಜೊತೆ ಒಂದೇ ಸೂರಿನಡಿ ಉಂಡು ಮಲಗುವವನು ಬೇರೆ. ಮೊದಲಿನವನ ಆಯುಧ ಕತ್ತಲಲ್ಲಿರುತ್ತದೆ. ಎರಡನೆಯವನದು ಪಡಸಾಲೆಯ ಗೂಟದಲ್ಲಿ ಎಲ್ಲರ ಕಣ್ಣೆದುರೇ ಇರುತ್ತದೆ. ಅಪ್ಪನ ಕಾಲದ ಬಂದೂಕು, ಮನೆತನದ ಗೌರವ ಎಂದು ಹೇಳಿಕೊಳ್ಳುತ್ತಾರೆ. ನನ್ನ ವಿದ್ಯಾರ್ಥಿನಿಯನ್ನು ಹೆದರಿಸಿದ್ದು ಸರ್ಕಾರದ ಮುದ್ರೆ ಬಿದ್ದ ಬಂದೂಕು. ಮುದ್ರೆ ಹಾಕಿದವರಿಗೆ ಹೊಣೆ ಇದೆ.

ಮನೆಯೊಳಗಿನ ಹೆಣ್ಣು ಸಾರ್ವಜನಿಕಳಲ್ಲವೇ?

ಆವತ್ತು ಠಾಣೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕಾಯಿದೆಯಲ್ಲೇ ಇತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. 1959ರ ಕಾಯಿದೆಯ 17ನೇ ಕಲಮಿನಲ್ಲಿ ಹೀಗಿದೆ: ಲೈಸೆನ್ಸ್ ಹೊಂದಿದವನು ಯಾವುದೇ ಕಾರಣದಿಂದ ಅದಕ್ಕೆ ಅಯೋಗ್ಯನೆಂದು ಮನವರಿಕೆಯಾದರೆ, ಅಥವಾ ಸಾರ್ವಜನಿಕ ಶಾಂತಿಗೆ, ಸಾರ್ವಜನಿಕ ಸುರಕ್ಷತೆಗೆ ಅಗತ್ಯವೆಂದು ಕಂಡರೆ, ಲೈಸೆನ್ಸ್ ಕೊಟ್ಟ ಅಧಿಕಾರಿ ಅದನ್ನು ತಡೆಹಿಡಿಯಬಹುದು, ರದ್ದು ಮಾಡಬಹುದು. ಬಂದೂಕು ಸಿಡಿಯುವವರೆಗೆ ಕಾಯಬೇಕೆಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ತೊಡಕು ಇರುವುದು "ಸಾರ್ವಜನಿಕ" ಎಂಬ ಶಬ್ದದಲ್ಲಿ. ಚುನಾವಣೆ ಸಾರ್ವಜನಿಕ, ಜಾತ್ರೆ ಸಾರ್ವಜನಿಕ, ಬಸ್‌ಸ್ಟ್ಯಾಂಡ್ ಸಾರ್ವಜನಿಕ. ಅಡಿಗೆಮನೆ ಮಾತ್ರ "ಮನೆತನದ ಮಾತು". ಹೆಣ್ಣು ಹೊಸ್ತಿಲು ದಾಟಿ ಮತಗಟ್ಟೆಗೆ ಬಂದಾಗ ಅವಳ ಸುರಕ್ಷತೆಗೆ ಪೊಲೀಸರು ನಿಲ್ಲುತ್ತಾರೆ, ಅದೇ ಹೆಣ್ಣು ಹೊಸ್ತಿಲೊಳಗೆ ಹೋದರೆ ಸಾರ್ವಜನಿಕಳಾಗಿ ಉಳಿಯುವುದಿಲ್ಲ! ಈ ಗೋಡೆಯನ್ನು ಒಡೆಯುವುದಕ್ಕೇ ನಮ್ಮ ಚಳವಳಿ ಇಷ್ಟು ವರ್ಷ ದುಡಿದದ್ದು. 1983ರಲ್ಲಿ 498ಎ ಕಲಮು ಬಂತು, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಇನ್ನೂ ಮುಂದೆ ಹೋಗಿ, ವರದಕ್ಷಿಣೆಗಾಗಿ ಹೆಂಡತಿಯನ್ನೋ ಅವಳ ತವರಿನವರನ್ನೋ ಒತ್ತಾಯಿಸಲು ಕಿರುಕುಳ ಕೊಡುವುದು, ಬೆದರಿಸುವುದು ಕೂಡ ದೌರ್ಜನ್ಯವೇ ಎಂದಿತು. ಅಂದರೆ ಎಣ್ಣೆ ಬಟ್ಟೆಯಿಂದ ಬಂದೂಕು ಒರೆಸುತ್ತ "ನಿಮ್ಮಣ್ಣ ಏನಂದ?" ಎಂದು ಕೇಳುವುದು ದೌರ್ಜನ್ಯ. ಗಾಯ ಬೇಕಾಗಿಲ್ಲ.

ಮನೆಯ ಹಿಂಸೆ ಮನೆಯಲ್ಲೇ ಉಳಿಯುತ್ತದೆ ಎಂದು ನಂಬಿದವರಿಗೆ ಕೆನಡಾದ ಇನ್ನೊಂದು ಘಟನೆ ಹೇಳುತ್ತೇನೆ. 2020ರ ಏಪ್ರಿಲ್‌ನಲ್ಲಿ ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲಿ ಒಬ್ಬ ಒಂದು ರಾತ್ರಿ ಮೊದಲು ತನ್ನ ಸಂಗಾತಿಯನ್ನು ಹೊಡೆದು ಬೇಡಿ ಹಾಕಿದ. ಅವಳು ತಪ್ಪಿಸಿಕೊಂಡು ಕಾಡಿನಲ್ಲಿ ಅಡಗಿದಳು. ಮರುದಿನದೊಳಗೆ ಅವನು 22 ಮಂದಿಯನ್ನು ಕೊಂದಿದ್ದ. ಅವನ ಬಂದೂಕುಗಳಿಗೆ ಲೈಸೆನ್ಸ್ ಇರಲಿಲ್ಲ. ಅವನು ಅವಳನ್ನು ಹೊಡೆಯುತ್ತಾನೆ, ಮನೆಯಲ್ಲಿ ಬಂದೂಕುಗಳಿವೆ ಎಂದು ನೆರೆಮನೆಯ ಹೆಂಗಸೊಬ್ಬರು ವರ್ಷಗಳ ಹಿಂದೆಯೇ ಪೊಲೀಸರಿಗೆ ಹೇಳಿದ್ದರು. ಅದನ್ನು ಮನೆಯ ಮಾತೆಂದು ಬಿಡದೆ ಬೆನ್ನುಹತ್ತಿದ್ದರೆ? ಹೆಂಡತಿಯ ಸುರಕ್ಷತೆಯೇ ಊರಿನ ಸುರಕ್ಷತೆಯ ಮೊದಲ ಮೆಟ್ಟಿಲು.

ನಾವು ಮಾಡಬೇಕಾದದ್ದು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸಂಘಗಳು ತಮ್ಮ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿಕೊಳ್ಳಲಿ. ಅತ್ತೆಯಂದಿರೂ ಕೂತಿರಲಿ, ಅವರೂ ಒಂದು ಕಾಲಕ್ಕೆ ಅದೇ ಗೂಟ ನೋಡುತ್ತ ಮಲಗಿದವರು.

ಕಿರುಕುಳದ ದೂರು ತಂದ ಹೆಣ್ಣುಮಗಳನ್ನು "ಹೊಡೆದನೇ, ಕುಡಿಯುತ್ತಾನೆಯೇ" ಎಂದು ಕೇಳುವ ಜೊತೆಗೆ "ಮನೆಯಲ್ಲಿ ಬಂದೂಕು ಇದೆಯೇ" ಎಂದೂ ಕೇಳಿರಿ. ಅವಳೇ ಹೇಳಲಿ ಎಂದು ಕಾಯಬೇಡಿರಿ, ಗೋಡೆಯ ಮೇಲೆ ದಿನವೂ ನೋಡಿದ ವಸ್ತು ಅವಳಿಗೆ ಹೇಳುವ ಮಾತೆಂದೇ ಅನಿಸಿರುವುದಿಲ್ಲ. ಇದ್ದರೆ ಸಂರಕ್ಷಣಾಧಿಕಾರಿ ಬರೆಯುವ ಕೌಟುಂಬಿಕ ಘಟನಾ ವರದಿಯಲ್ಲಿ ಅದನ್ನು ಬರೆಸಿರಿ. ನಮ್ಮ ತಾಲ್ಲೂಕುಗಳಲ್ಲಿ ಈ ಕೆಲಸವನ್ನು ಸಿ.ಡಿ.ಪಿ.ಓ.ಗಳಿಗೆ ವಹಿಸಿದ್ದಾರೆ. ಮ್ಯಾಜಿಸ್ಟ್ರೇಟರ ಮುಂದೆ ರಕ್ಷಣಾ ಆದೇಶ ಕೇಳುವಾಗ ಬಂದೂಕನ್ನು ಠಾಣೆಗೆ ಒಪ್ಪಿಸುವ ನಿರ್ದೇಶನವನ್ನೂ ಕೇಳಿರಿ. ಅದೇ ದಿನ ಜಿಲ್ಲಾಧಿಕಾರಿಗಳಿಗೆ ಒಂದು ಮನವಿ ಕೊಟ್ಟು 17ನೇ ಕಲಮಿನ ಪ್ರಕಾರ ಲೈಸೆನ್ಸ್ ತಡೆಹಿಡಿಯಲು ಕೋರಿರಿ, ಸ್ವೀಕೃತಿ ಪಡೆದು ಸಂಘದ ಕಡತದಲ್ಲಿಡಿರಿ. ಹೆದರಿಕೆ ಆ ಗಳಿಗೆಯದೇ ಆಗಿದ್ದರೆ ಕಾಗದ ಬರೆಯುತ್ತ ಕೂಡಬೇಡಿರಿ. 112ಕ್ಕೆ ಕರೆ ಮಾಡಿರಿ, ಮಹಿಳಾ ಸಹಾಯವಾಣಿ 181. ಬಂದೂಕನ್ನು ನೀವೇ ಬಚ್ಚಿಡುವ ಸಾಹಸಕ್ಕೆ ಮಾತ್ರ ಹೋಗಬೇಡಿರಿ.

ಸರ್ಕಾರದ ಮುಂದೆ ನಾವು ಇಡಬೇಕಾದ ಒತ್ತಾಯ ಎರಡು. ಒಂದು, ಕೌಟುಂಬಿಕ ದೌರ್ಜನ್ಯದ ದೂರು ಬಂದ ಕೂಡಲೇ ಠಾಣೆಯವರು ಬಂದೂಕಿನ ಪುಸ್ತಕ ತೆರೆದು ನೋಡುವುದು ಕಡ್ಡಾಯವಾಗಲಿ, ಹೆಸರಿದ್ದರೆ ಚುನಾವಣೆಯಲ್ಲಿ ಮಾಡುವ ಹಾಗೆ ಬಂದೂಕನ್ನು ಠಾಣೆಗೆ ತರಿಸಲಿ. ಇನ್ನೊಂದು, ಲೈಸೆನ್ಸ್ ಕೊಡುವಾಗಲೂ ಐದು ವರ್ಷಕ್ಕೊಮ್ಮೆ ನವೀಕರಿಸುವಾಗಲೂ ಹೆಂಡತಿಯನ್ನು ಗಂಡನ ಎದುರಿಗಲ್ಲದೆ ಬೇರೆಯಾಗಿ ಕೇಳಲಿ. ಇದಕ್ಕೆ ಹೊಸ ಇಲಾಖೆ ಬೇಡ, ಕೋಟಿಗಟ್ಟಲೆ ಹಣ ಬೇಡ. ಪುಸ್ತಕ ಇದೆ. ತೆರೆಯುವ ಮನಸ್ಸು ಬೇಕು.

ರೈತರ ಸಂಕಟಕ್ಕೆ ನಾವು ವಿರೋಧಿಗಳಲ್ಲ. ಸಂಘದ ಎಷ್ಟೋ ಹೆಣ್ಣುಮಕ್ಕಳು ತಾವೇ ಹೊಲ ಮಾಡುವವರು, ಹಂದಿ ಹೊಕ್ಕ ಶೇಂಗಾ ಹೊಲದ ಬದುವಿನ ಮೇಲೆ ಕೂತು ಅತ್ತವರು. ಲೈಸೆನ್ಸಿನ ಅರ್ಜಿ ವರ್ಷಗಟ್ಟಲೆ ಕೊಳೆಯದಿರಲಿ, ಕಚೇರಿಗೆ ಅಲೆದಾಟ ತಪ್ಪಲಿ, ಬೆಳೆ ಪರಿಹಾರ ಬೇಗ ಸಿಗಲಿ ಎಂದು ನಾವೂ ಕೂಗೋಣ. ಆದರೆ ಅಲೆದಾಟ ತಪ್ಪಿಸುವ ಹೆಸರಿನಲ್ಲಿ ಲೆಕ್ಕವನ್ನೇ ತೆಗೆಯಿರಿ ಎಂದರೆ ಒಪ್ಪಬಾರದು.

ಮುಂದಿನ ಮದುವೆಯಲ್ಲಿ ಆ ಮಾತು ಮತ್ತೆ ಬಂದರೆ ನಾನು ಸುಮ್ಮನಿರುವುದಿಲ್ಲ. "ಅಣ್ಣಾರ, ಬಂದೂಕಿನ ಪುಸ್ತಕ ಬ್ಯಾಡ ಅನ್ನೋ ಮೊದಲ ಮನ್ಯಾಗ ಒಂದ್ ಮಾತು ಕೇಳ್ರಿ" ಎನ್ನುತ್ತೇನೆ. ನೀವೂ ಎನ್ನಿರಿ. ಒಬ್ಬ ಹೆಣ್ಣುಮಗಳು ಕಣ್ತುಂಬ ನಿದ್ದೆ ಮಾಡಲು ಐದು ವರ್ಷಕ್ಕೊಮ್ಮೆ ಬರುವ ಚುನಾವಣೆಗೆ ಕಾಯಬೇಕಾದ ದೇಶ ನಮ್ಮದಾಗಬಾರದು.